ಅಕ್ಕನಿಗೆ ಕಂಡಷ್ಟು ತೋಟ

ಪೇಟೆಯಲ್ಲಿ ಇಲಿ ಬಿದ್ದ ವರ್ಷ ನಾವು ಶಿವಮೊಗ್ಗದ ಮನೆಗೆ ಬೀಗ ಹಾಕಿ ತೋಟಕ್ಕೆ ಬಂದೆವು. ಆಗೆಲ್ಲ ಪ್ಲೇಗಿನ ಸುದ್ದಿ ಬಂದರೆ ಹಾಗೆಯೇ. ಯಾರದೋ ಅಟ್ಟದಿಂದ ಒಂದು ಸತ್ತ ಇಲಿ ಬಿತ್ತೆಂದರೆ ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಿಕೊಂಡು ಬಯಲಿಗೆ ಹೊರಡುತ್ತಿತ್ತು. ಉಳಿದವರು ಗುಡಿಸಲು ಹಾಕಿಕೊಂಡರು. ನಮಗೆ ನವುಲೆಯ ಕಡೆ ಅಜ್ಜ ಮಾಡಿಟ್ಟ ತೋಟವಿತ್ತು, ಅದರಲ್ಲಿ ಕಾಳುಕಡ್ಡಿ ಇಡಲು ಕಟ್ಟಿದ್ದ ಚಿಕ್ಕ ಹಂಚಿನ ಮನೆಯಿತ್ತು. ಅಪ್ಪ ಪೇಟೆಯಲ್ಲಿ ಧಾನ್ಯದ ಮಂಡಿ ಇಟ್ಟಿದ್ದರು. ಪ್ಲೇಗು ಇಳಿದ ಮೇಲೆ ಅವರು ದಿನಾ ಗಾಡಿ ಕಟ್ಟಿಸಿಕೊಂಡು ಮಂಡಿಗೆ ಹೋಗಿಬರತೊಡಗಿದರು; ನಾವು ಮಾತ್ರ ಹಿಂದಿರುಗಲಿಲ್ಲ. ಆ ಸಲ ಅಜ್ಜಿ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಆ ಮನೆಯಲ್ಲಿ ಮತ್ತೆ ಒಲೆ ಹಚ್ಚಲು ಅವ್ವನಿಗೆ ಮನಸ್ಸಿರಲಿಲ್ಲ.

ತೋಟವೆಂದು ಕರೆಯುತ್ತಿದ್ದೆವೇ ಹೊರತು ಅದರ ಹುಟ್ಟುವಳಿ ಅಷ್ಟಕ್ಕಷ್ಟೆ. ನಾಲ್ಕಾರು ಮಾವು, ಬೇಲಿಯ ಮೂಲೆಯಲ್ಲಿ ಒಂದು ಹಲಸು, ನಿಂಬೆ, ದಾಳಿಂಬೆ, ಪೂಜೆಗೆಂದು ಅಜ್ಜ ನೆಟ್ಟ ಸಂಪಿಗೆ, ಕಣಗಿಲೆ, ನಂದಿಬಟ್ಟಲು. ಬಾವಿಯ ಮೇಲೆ ಬಗ್ಗಿಕೊಂಡು ಬೆಳೆದ ಈಚಲು ಮರಗಳು. ಸುತ್ತ ಕಳ್ಳಿಯ ಬೇಲಿ, ಅದರ ಮೈಮೇಲೆ ಹತ್ತಿಕೊಂಡ ಕಾಡುಬಳ್ಳಿಗಳು. ಬೇಲಿಯಾಚೆ ಗದ್ದೆ, ಗದ್ದೆಯಾಚೆ ಒಂದು ದೊಡ್ಡ ಬೂರುಗದ ಮರ. ಓಣಿಯಲ್ಲಿ ಗುಬ್ಬಿ, ಕಾಗೆ ಬಿಟ್ಟು ಬೇರೇನೂ ನೋಡದ ನನಗೆ ಇದನ್ನೆಲ್ಲ ತೋರಿಸಿಕೊಟ್ಟವಳು ಅಕ್ಕ. ನನಗಿಂತ ಆರೇಳು ವರ್ಷ ದೊಡ್ಡವಳು. ಓದು ಬಿಡಿಸಿದ್ದರು, ಗಂಡು ಹುಡುಕುತ್ತಿದ್ದರು.

ಅಕ್ಕನ ಕಣ್ಣು ಎಂಥ ಕಣ್ಣು ಎಂದರೆ, ಬೂರುಗದ ಮರದ ತುದಿಯಲ್ಲಿ ಕಂಚುಗಾರನ ಸುತ್ತಿಗೆಯ ಹಾಗೆ ಟುಂಕ್ ಟುಂಕ್ ಎನ್ನುವ ಹಸಿರು ಹಕ್ಕಿಯನ್ನು ಅವಳು ನಮ್ಮ ಜಗಲಿಯಿಂದಲೇ ಹುಡುಕುತ್ತಿದ್ದಳು. ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ತಿರುಗಿಸಿ, "ತುದಿಯಿಂದ ಕೆಳಗೆ ಬಾ. ಒಂದು ಮುರಿದ ಕೊಂಬೆ ಇದೆಯಲ್ಲ, ಅದರ ಬಲಕ್ಕೆ. ಕುತ್ತಿಗೇಲಿ ಕೆಂಪು ಬೊಟ್ಟು ಇದೆ ನೋಡೆ" ಎನ್ನುತ್ತಿದ್ದಳು. ನನಗೆ ಮರವೊಂದು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕಂಡಿತೆಂದು ಹೇಳುವವರೆಗೂ ಗಲ್ಲ ಬಿಡುತ್ತಿರಲಿಲ್ಲ.

ಆದರೆ ಅದೇ ಅಕ್ಕ ಜಗಲಿಯಿಂದ ಇಳಿದು ಬರುವಾಗ ಕಾಲಬುಡದಲ್ಲಿದ್ದ ಕೊಡವನ್ನು ಎಡವುತ್ತಿದ್ದಳು. ಬೆಳಗಿಸಿಟ್ಟ ತಂಬಿಗೆ, ಒಣಗಲು ಹಾಕಿದ ಹಪ್ಪಳ, ಮಲಗಿದ ಕರು, ಯಾವುದೂ ಅವಳ ಲೆಕ್ಕಕ್ಕೆ ಇರಲಿಲ್ಲ. ಅವ್ವ ಬೈಯುತ್ತಿದ್ದಳು.

"ಕಣ್ಣನ್ನ ಆಕಾಶದಲ್ಲಿ ಇಟ್ಕೊಂಡು ನಡೀತೀಯಲ್ಲೆ. ಗಂಡನ ಮನೇಲಿ ಹೀಗೆ ತುಳಕೊಂಡು ಹೋದ್ರೆ ಏನಂದಾರು?"

"ಕಾಣ್ಲಿಲ್ಲ ಅವ್ವ."

"ಗದ್ದೆ ಆಚೆಗಿರೋ ಗುಬ್ಬಿ ಕಾಣುತ್ತೆ, ಕಾಲಡಿ ಕೊಡ ಕಾಣಲ್ವಾ?"

ಅಕ್ಕನಿಗೂ ಅದು ತನ್ನ ಅಜಾಗರೂಕತೆ ಎಂದೇ ಅನ್ನಿಸಿತ್ತು. ದೀಪ ಹಚ್ಚುವ ಹೊತ್ತಿಗೆ ಅವಳು ಒಳಗೆ ಸೇರಿಬಿಡುತ್ತಿದ್ದಳು. ಹಿತ್ತಲಿಗೆ ಹೋಗಬೇಕಾದರೆ ನನ್ನನ್ನು ಕರೆಯುತ್ತಿದ್ದಳು. ಹೆದರುಪುಕ್ಕಲಿ ಎಂದು ನಾನು ನಗುತ್ತಿದ್ದೆ, ಅವಳೂ ನಗುತ್ತಿದ್ದಳು.

ಭದ್ರಾವತಿಯಿಂದ ಒಂದು ಸಂಬಂಧ ಬಂತು. ಹುಡುಗ ಕಬ್ಬಿಣದ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತ. ದೀಪಾವಳಿ ಕಳೆದ ಮೇಲೆ ಹುಡುಗಿ ನೋಡಲು ಬಂದರು. ರೈಲು ತಡವಾಗಿ, ಸ್ಟೇಷನ್ನಿನಿಂದ ತೋಟದ ತನಕ ಗಾಡಿಯಲ್ಲಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಹಿರಿಯರು ಜಮಖಾನದ ಮೇಲೆ ಕೂತರು. ಹುಡುಗನ ತಾಯಿಗೆ ಮಂಡಿನೋವು. ಆಕೆ ಗೋಡೆಗೆ ಒರಗಿ ಒಂದು ಕಾಲು ಚಾಚಿಕೊಂಡಿದ್ದರು. ಅಕ್ಕ ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು, ಬೆಳಕಿದ್ದ ಅಡಿಗೆಮನೆಯಿಂದ ಮಬ್ಬಾದ ನಡುಮನೆಗೆ ಬಂದವಳು ನೇರವಾಗಿ ಆ ಕಾಲಿನ ಮೇಲೆ ಹೆಜ್ಜೆಯಿಟ್ಟಳು. ತಟ್ಟೆ ಉರುಳಿತು.

"ಹುಡುಗಿ ಗಾಬರಿ ಆಗಿದಾಳೆ" ಎಂದು ಅವ್ವ ಮುಂದೆ ಬಂದಳು.

ಹುಡುಗನ ತಾಯಿ ಸಿಟ್ಟಾಗಲಿಲ್ಲ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮುಡಿದುಕೊಳ್ಳಲೆಂದು ತಂದಿದ್ದ ಹೂವನ್ನು ಬದಿಯಿಂದ ಚಾಚಿದರು. ಅಕ್ಕ ಎದುರಿನ ಗೋಡೆ ನೋಡುತ್ತಾ ಕೂತಿದ್ದಳು. ಆಕೆ ಹೂವನ್ನು ಇನ್ನಷ್ಟು ಮುಂದೆ ತಂದರು, ಸ್ವಲ್ಪ ಅಲ್ಲಾಡಿಸಿದರು. ಅಕ್ಕ ಕೈ ಚಾಚಲಿಲ್ಲ.

"ನಮ್ಮ ಚಿಕ್ಕಮ್ಮಂಗೆ ಹೀಗೇ ಇತ್ತು ಕಣಮ್ಮ" ಎಂದರು ಆಕೆ, ಅವ್ವನ ಕಡೆ ತಿರುಗಿ. "ಇರುಳುಗುರುಡು. ಮೊದಲು ಇರುಳು ಹೋಗುತ್ತೆ, ಆಮೇಲೆ ಹಗಲು. ತೋರಿಸಿ ಯಾರಿಗಾದ್ರೂ."

ಅವರು ಕಾಫಿ ಕುಡಿದು, ಮರ್ಯಾದೆಯಿಂದ ಮಾತಾಡಿ ಹೋದರು. ಮತ್ತೆ ಆ ಕಡೆಯಿಂದ ಸುದ್ದಿ ಬರಲಿಲ್ಲ. ಅವ್ವ ಆಕೆಯನ್ನು ವರ್ಷಗಟ್ಟಲೆ ಶಪಿಸಿದಳು, ಅಕ್ಕನ ಕಣ್ಣಿಗೆ ಆಕೆಯ ದೃಷ್ಟಿ ತಾಗಿತೆಂದೇ ನಂಬಿದಳು. ಅಕ್ಕ ಮಾತ್ರ ಆ ರಾತ್ರಿ ಚಾಪೆಯ ಮೇಲೆ ಮಲಗಿ ನನ್ನನ್ನು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ನಿಮಗೆಲ್ಲ ಕತ್ತಲಲ್ಲೂ ಕಾಣುತ್ತಾ?"

ಹಾಗೆ ಶುರುವಾಯಿತು ಔಷಧದ ಕಾಲ. ಹೊನಗೊನೆ ಸೊಪ್ಪು ಕಣ್ಣಿಗೆ ಒಳ್ಳೆಯದೆಂದು ಯಾರೋ ಹೇಳಿದರು. ಬಾವಿಕಟ್ಟೆಯ ನೀರು ಹರಿಯುವಲ್ಲಿ ಅದು ತಾನಾಗಿ ಬೆಳೆಯುತ್ತಿತ್ತು. ದಿನಾ ಅದರ ಪಲ್ಯ, ಅದರ ಸಾರು. ಹೊಳೆಹೊನ್ನೂರಿನಲ್ಲಿದ್ದ ಒಬ್ಬ ನಾಟಿ ಪಂಡಿತರ ಹತ್ತಿರ ಅಪ್ಪ ಗಾಡಿಯಲ್ಲಿ ಕರೆದುಕೊಂಡು ಹೋದರು. ಅವರು ನಂದಿಬಟ್ಟಲು ಹೂವಿನ ರಸವನ್ನು ಬೆಳಗಾಗೆದ್ದು ಕಣ್ಣಿಗೆ ಬಿಡಲು ಹೇಳಿದರು. ಇಬ್ಬನಿ ಆರುವ ಮೊದಲೇ ನಾನು ಹೋಗಿ ಹೂ ಬಿಡಿಸಿಕೊಂಡು ಬರುತ್ತಿದ್ದೆ. ಅವ್ವ ಬಿಳಿ ಬಟ್ಟೆಯಲ್ಲಿ ಹಿಂಡಿ ಹನಿ ಹಾಕುತ್ತಿದ್ದಳು. ಅಕ್ಕ ತಂಪಾಗುತ್ತದೆ ಎನ್ನುತ್ತಿದ್ದಳು. ಸಂಜೆಗೆ ಮತ್ತೆ ಹೊಸ್ತಿಲು ಎಡವುತ್ತಿದ್ದಳು.

ಮೀನೆಣ್ಣೆ ಕುಡಿಸಿದರೆ ಇರುಳುಗುರುಡು ಹೋಗುತ್ತದೆ ಎಂದು ಮಂಡಿಗೆ ಬರುವ ಸಾಬರೊಬ್ಬರು ಹೇಳಿದರಂತೆ. ಲಿಂಗಪೂಜೆ ಮಾಡದೆ ನೀರು ಮುಟ್ಟದ ಅಪ್ಪ, ಆ ಬಾಟಲಿಯನ್ನು ಟವಲಿನಲ್ಲಿ ಸುತ್ತಿ ತಂದು ದನದ ಕೊಟ್ಟಿಗೆಯ ಸೂರಿನಲ್ಲಿಟ್ಟರು. ಅವ್ವನಿಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದಳು. ಅಕ್ಕ ಮೂಗು ಹಿಡಿದುಕೊಂಡು ಕುಡಿದು, ನಿಂಬೆ ಎಲೆ ಅಗಿದು, ಬಾವಿಯ ಹತ್ತಿರ ಹೋಗಿ ವಾಂತಿ ಮಾಡುತ್ತಿದ್ದಳು. ಬಾಟಲಿ ಖಾಲಿಯಾದ ಮೇಲೆ ಇನ್ನೊಂದು ಬಂತು. ಆಮೇಲೆ ಅಪ್ಪನೇ ನಿಲ್ಲಿಸಿದರು.

ಕೊನೆಗೆ ಶಿವಮೊಗ್ಗಕ್ಕೆ ಹೊಸದಾಗಿ ಬಂದಿದ್ದ ಒಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಜೊತೆಗೆ ನಾನೂ ಹೋಗಿದ್ದೆ. ಅವರು ಕಿಟಕಿಗಳನ್ನು ಮುಚ್ಚಿಸಿ, ನಡುವೆ ತೂತಿದ್ದ ಒಂದು ಕನ್ನಡಿಯನ್ನು ತಮ್ಮ ಕಣ್ಣಿಗೆ ಹಿಡಿದುಕೊಂಡು ಅಕ್ಕನ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ಕಿಟಕಿ ತೆಗೆಸಿ, ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿ, ಕಿವಿಯ ಹಿಂದಿನಿಂದ ಬೆರಳನ್ನು ನಿಧಾನವಾಗಿ ಮುಂದೆ ತಂದರು. ಕಂಡಾಗ ಹೇಳು ಎಂದಿದ್ದರು. ಬೆರಳು ಕಿವಿ ದಾಟಿತು, ಕೆನ್ನೆ ದಾಟಿತು. ಅಕ್ಕ ಹೇಳಲೇ ಇಲ್ಲ. ಮೂಗಿನ ಹತ್ತಿರ ಬಂದಾಗ "ಈಗ" ಎಂದಳು.

ಡಾಕ್ಟರು ಅಪ್ಪನನ್ನು ಕೇಳಿದರು: "ನೀವೂ ನಿಮ್ಮ ಮನೆಯವರೂ ಸಂಬಂಧದಲ್ಲೇ ಮದುವೆ ಆದೋರಾ?"

"ಹೌದು. ನಮ್ಮ ಅಕ್ಕನ ಮಗಳೇ ಅವಳು. ಯಾಕೆ ಕೇಳಿದ್ರಿ?"

"ಒಂದೊಂದು ಮನೆತನದಲ್ಲಿ ಇದು ಒಳಗೇ ಇರುತ್ತೆ. ಸಂಬಂಧದಲ್ಲೇ ಮದುವೆ ಆದಾಗ ಮಕ್ಕಳಿಗೆ ಬರುತ್ತೆ" ಎಂದರು ಡಾಕ್ಟರು. ಬಳಿಕ ಅಕ್ಕನ ಮುಂದೆಯೇ, ಮೆತ್ತಗೆ, "ಯಜಮಾನ್ರೇ, ನಾನು ದುಡ್ಡು ಇಸ್ಕೊಂಡು ಸುಳ್ಳು ಹೇಳಲ್ಲ. ಇದಕ್ಕೆ ಔಷಧ ಇಲ್ಲ. ಬೆಂಗಳೂರಿಗೆ ಹೋದ್ರೂ ಇಲ್ಲ, ಮದರಾಸಿಗೆ ಹೋದ್ರೂ ಇಲ್ಲ. ನೋಡಬೇಕು ಅನ್ನಿಸಿದ್ದನ್ನ ಈಗಲೇ ನೋಡ್ಕೊಳ್ಳಲಿ" ಎಂದರು.

ಗಾಡಿಯಲ್ಲಿ ಹಿಂದಿರುಗಿ ಬಂದು ತೋಟದ ಬೇಲಿಬಾಗಿಲ ದಣಪೆ ತೆಗೆಯುವಾಗ ಅಪ್ಪ ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ಅಕ್ಕ ಡಾಕ್ಟರ ಮಾತನ್ನು ಇದ್ದ ಹಾಗೆಯೇ ತೆಗೆದುಕೊಂಡಳು. ನೋಡಲು ಕೂತಳು. ಮದುವೆಯ ಮಾತು ನಿಂತುಹೋಗಿತ್ತು. ಮನೆಗೆಲಸದಲ್ಲಿ ಅವ್ವ ಅವಳನ್ನು ಬೆಂಕಿಯ ಹತ್ತಿರ ಬಿಡುತ್ತಿರಲಿಲ್ಲ. ಬೆಳಕು ಹರಿದರೆ ಮಾವಿನ ಕಟ್ಟೆಯ ಮೇಲೆ ಇರುತ್ತಿದ್ದಳು. ಶಾಲೆ ಇಲ್ಲದ ಹೊತ್ತಿನಲ್ಲಿ ನಾನು ಅವಳ ಪಕ್ಕದಲ್ಲಿ.

ಆ ವರ್ಷಗಳಲ್ಲಿ ನಾನು ನೋಡಿದಷ್ಟು ಆಮೇಲೆ ಎಂದೂ ನೋಡಲಿಲ್ಲ. ಚಳಿ ಬಿದ್ದ ಕೂಡಲೇ ಎಲ್ಲಿಂದಲೋ ಒಂದು ಗಿಡ್ಡ ಬಾಲದ ಬಣ್ಣಬಣ್ಣದ ಹಕ್ಕಿ ಬಂದು ಹಲಸಿನ ಮರದ ಕೆಳಗೆ ತರಗೆಲೆ ಕೆದಕುತ್ತಿತ್ತು. ಅಜ್ಜಿ ಬದುಕಿದ್ದಾಗ ಅದನ್ನು ನವರಂಗ ಎನ್ನುತ್ತಿದ್ದಳಂತೆ. ಸೂರ್ಯ ಹುಟ್ಟುವಾಗ ಒಮ್ಮೆ, ಮುಳುಗುವಾಗ ಒಮ್ಮೆ ಸಿಳ್ಳು ಹಾಕುವುದು. ಉಳಿದ ಹೊತ್ತು ಮೂಕ. ಶಿವರಾತ್ರಿಯ ಆಸುಪಾಸಿನಲ್ಲಿ ಬೂರುಗ ಎಲೆಯೆಲ್ಲ ಉದುರಿಸಿ ಬರೀ ಕೆಂಪು ಹೂವಾಗಿ ನಿಲ್ಲುತ್ತಿತ್ತು, ಊರಿನ ಹಕ್ಕಿಯೆಲ್ಲ ಅದರ ಮೇಲೆ. ಯುಗಾದಿಗೆ ಮುಂಚೆ ಮಾವಿನ ಹೂವಿನ ಅಂಟು ಕಟ್ಟೆಯ ಮೇಲೆಲ್ಲ ಬಿದ್ದು ನಮ್ಮ ಬಟ್ಟೆಗೆ ಹತ್ತುತ್ತಿತ್ತು. ಮೃಗಶಿರಾ ಮಳೆ ಬಿದ್ದರೆ ಕೆಂಪು ಮಖಮಲ್ಲಿನಂಥ ಹುಳಗಳು ನೆಲದ ಮೇಲೆ ಹರಿದಾಡುತ್ತಿದ್ದವು. ಆರಿದ್ರೆಯಲ್ಲಿ ಗೀಜಗಗಳು ಬಂದು ಈಚಲು ಗರಿಗಳಿಗೆ ಗೂಡು ನೇಯಲು ತೊಡಗುತ್ತಿದ್ದವು. ಗಂಡು ಅರ್ಧ ನೇಯ್ದ ಗೂಡಿಗೆ ಹೆಣ್ಣು ಬಂದು ನೋಡಿ, ಹಿಡಿಸದಿದ್ದರೆ ಹಾರಿಹೋಗುವುದು. ಆ ಗೂಡು ಹಾಗೆಯೇ ಅರ್ಧಕ್ಕೆ ನೇತಾಡುತ್ತಾ ಉಳಿಯುತ್ತಿತ್ತು. ಭಾದ್ರಪದಕ್ಕೆ ಬೇಲಿಯ ಮೇಲೆ ಗೌರಿಹೂ.

"ಇದನ್ನೆಲ್ಲ ನೆನಪಿಟ್ಕೊಂಡ್ರೆ ಆಮೇಲೆ ಒಳಗೇ ಕೂತು ನೋಡಬಹುದು ಅಲ್ವೇನೆ" ಎಂದಳು ಒಮ್ಮೆ. ಆಗಿನ್ನೂ ಅವಳಿಗೆ ಅಷ್ಟು ಆಸೆ ಇತ್ತು.

ಅವಳಿಗೆ ಎಷ್ಟು ಕಾಣುತ್ತದೆಂದು ಅವಳೇ ನನಗೆ ಹೇಳುತ್ತಿದ್ದಳು. ಮೊದಮೊದಲು ಕೊಡದ ಬಾಯಿಂದ ನೋಡಿದ ಹಾಗೆ ಎಂದಳು. ಇನ್ನೊಂದು ಮಳೆಗಾಲ ಕಳೆಯುವಷ್ಟರಲ್ಲಿ ಬಳೆಯೊಳಗಿಂದ ನೋಡಿದ ಹಾಗೆ. ಆ ಬಳೆಯೊಳಗೆ ಇರುವುದು ಮಾತ್ರ ಅಚ್ಚುಕಟ್ಟಾಗಿ ಕಾಣುತ್ತಿತ್ತು; ಹಕ್ಕಿಯ ಕೊಕ್ಕಿನಲ್ಲಿರುವ ಹುಳುವಿನ ಕಾಲು ಕೂಡ. ಬಳೆಯಾಚೆ ಕತ್ತಲೂ ಅಲ್ಲ, ಬೆಳಕೂ ಅಲ್ಲ, ಏನೂ ಇಲ್ಲ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ತಲೆಯೆತ್ತಿ ದಾಳಿಂಬೆ ಗಿಡದಲ್ಲಿ ಸೂರಕ್ಕಿಯ ಗೂಡು ನೋಡುತ್ತಿದ್ದಳು. ಮಾರುದ್ದದ ಕೆರೆಹಾವೊಂದು ಅವಳ ಕಾಲಿಗೆ ಗೇಣಿನಷ್ಟು ದೂರದಲ್ಲಿ ಹರಿದು ಬಂತು. ಕೂಗಿದರೆ ಅವಳು ಎಲ್ಲಿ ಹೆಜ್ಜೆಯಿಡುವಳೋ ಎಂದು ನಾನು ಅಲ್ಲಾಡದೆ ನಿಂತೆ. ಹಾವು ಅವಳ ಸೀರೆಯ ಅಂಚನ್ನು ಸವರಿಕೊಂಡು, ಅವಸರವಿಲ್ಲದೆ ಬೇಲಿ ಸೇರಿತು. ಆಮೇಲೆ ಹೇಳಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ.

"ಬಣ್ಣ ಹೇಗಿತ್ತು?" ಎಂದಳು.

"ಹಳದಿ. ಬೆನ್ನು ಕಪ್ಪು."

"ಇಷ್ಟು ಹತ್ತಿರ ಬಂದಿದ್ದೂ ಕಾಣ್ಲಿಲ್ಲವಲ್ಲೆ ನಂಗೆ" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆಮೇಲೆ ಅವಳು ಒಂದೊಂದನ್ನೇ ಬಿಡುತ್ತಾ ಬಂದಳು. ಹಾರುವ ಹಕ್ಕಿ ಬಳೆಯೊಳಗೆ ಬಂದದ್ದೇ ದಾಟಿಹೋಗುತ್ತಿತ್ತು. ಹಾಗಾಗಿ ಗೀಜಗಗಳ ಗುಂಪನ್ನು ನೋಡುವುದು ಬಿಟ್ಟಳು, ಕೂತ ಹಕ್ಕಿ ಸಾಕು ಎಂದಳು. ಬಳೆ ಉಂಗುರವಾದಾಗ ಕೂತ ಹಕ್ಕಿಯೂ ಸಿಗದೆ, ಕದಲದ ಹೂವು ಸಾಕೆಂದಳು. ಉಂಗುರವೂ ಚಿಕ್ಕದಾಗಿ, ನಡುವೆ ಮಂಜು ಕವಿಯತೊಡಗಿದ ಮೇಲೆ, ನಾನು ಹೂವನ್ನು ಬಿಡಿಸಿ ಅವಳ ಕಣ್ಣಿನೆದುರು ಹಿಡಿಯಬೇಕಾಯಿತು. ನೆನಪಿನಲ್ಲಿಟ್ಟುಕೊಂಡದ್ದು ಅವಳನ್ನು ಕಾಯಲಿಲ್ಲ. ಕಂಚುಗಾರ ಹಕ್ಕಿಯ ಕತ್ತಿನ ಬೊಟ್ಟು ಯಾವ ಬಣ್ಣ ಎಂದು ಒಂದು ದಿನ ನನ್ನನ್ನೇ ಕೇಳಿದಳು. ಕೆಂಪು ಎಂದೆ. "ಕೆಂಪು ಅಂತ ಗೊತ್ತು. ಆದ್ರೆ ಒಳಗೆ ಬರ್ತಾ ಇಲ್ಲ" ಎಂದಳು.

ನನ್ನ ಮದುವೆಯ ಮಾತು ಬಂದಾಗ ಅವ್ವನ ಅಣ್ಣ ತನ್ನ ಮಗನಿಗೆ ನನ್ನನ್ನು ಕೇಳಿದ. ಅಪ್ಪ ಕೊಡುವುದಿಲ್ಲ ಎಂದುಬಿಟ್ಟರು. ಡಾಕ್ಟರು ಹೇಳಿದ್ದು ಅವರ ಎದೆಯಲ್ಲಿ ಕೂತಿತ್ತು. ಮಾವ ಎದ್ದು ಹೋದವನು ಮತ್ತೆ ನಮ್ಮ ದಣಪೆ ದಾಟಲಿಲ್ಲ. ದೂರದ, ಏನೂ ಸಂಬಂಧವಿಲ್ಲದ ಮನೆತನದಲ್ಲಿ ಹುಡುಕಿ ನನ್ನನ್ನು ಭದ್ರಾವತಿಗೆ ಕೊಟ್ಟರು. ಗಂಡ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸುವ ಒಲೆಯ ಕಡೆ ಮೇಸ್ತ್ರಿ. ಅಕ್ಕನ ವಿಷಯ ಅಪ್ಪ ಮುಚ್ಚಿಡದೆ ಹೇಳಿದ್ದರು. "ಅದು ಅವರಿಗೆ ತಾನೇ, ಈ ಹುಡುಗಿ ಚೆನ್ನಾಗೇ ಇದಾಳಲ್ಲ" ಎಂದು ಇವರು ಒಪ್ಪಿದರು.

ಭದ್ರಾವತಿಯಲ್ಲಿ ನಮಗೆ ಸಿಕ್ಕ ಲೈನ್ ಮನೆಗೆ ಹಿತ್ತಲೆಂದರೆ ಒಂದು ನುಗ್ಗೆಮರ, ಒಂದು ಬಚ್ಚಲ ಹೊಂಡ. ಎಡಮನೆಯವರು ತಮಿಳರು, ಬಲಮನೆಯವರು ತೆಲುಗರು, ಎಲ್ಲರ ಬಟ್ಟೆಯ ಮೇಲೂ ಒಂದೇ ಇದ್ದಿಲ ಮಸಿ. ಕಾರ್ಖಾನೆಯ ಒಲೆಗೆ ಕಾಡು ಇದ್ದಿಲಾಗಿ ಬರುತ್ತಿತ್ತು. ನಾನು ಕಣ್ಣು ಹಾಯಿಸಿ ನೋಡುವಂಥದ್ದು ಅಲ್ಲೇನೂ ಇರಲಿಲ್ಲ. ಬಹುಶಃ ಅದಕ್ಕೇ ನನ್ನ ಕಣ್ಣಿನ ವಿಷಯ ನನಗೆ ತಿಳಿಯಲಿಲ್ಲ. ಸಂಜೆಯಾದರೆ ಮನೆಯಲ್ಲಿ ಬೆಳಕು ಕಡಿಮೆ ಎಂದುಕೊಂಡೆ, ಮಸಿ ಎಂದುಕೊಂಡೆ. ಮಗಳು ಹುಟ್ಟಿದ ಮೇಲೆ ನಿದ್ದೆಗೆಟ್ಟಿದ್ದಕ್ಕೆ ಹೀಗೆ ಎಂದುಕೊಂಡೆ.

ಯುದ್ಧ ಶುರುವಾಗಿ, ಸೀಮೆಎಣ್ಣೆಗೆ ಸಾಲುಗಟ್ಟಿ ನಿಲ್ಲುವ ಕಾಲ ಬಂದಿತ್ತು. ಎರಡನೇ ಹೆರಿಗೆಗೆ ತವರಿಗೆ ಹೋದೆ. ರೋಹಿಣಿ ಮಳೆಯ ಒಂದು ಹದ ಬಿದ್ದು ನಿಂತಿತ್ತು. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಅಷ್ಟು ಹೊತ್ತಿಗೆ ಅವಳಿಗೆ ಹಗಲೂ ಇರಲಿಲ್ಲ. ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ಮಾತ್ರ ಹೇಳುತ್ತಿದ್ದಳು. ಮುಸ್ಸಂಜೆಯಲ್ಲಿ ಅವ್ವ ಕಂದೀಲು ಹಿಡಿದು ನಮ್ಮನ್ನು ಒಳಗೆ ಕರೆಯಲು ಬಂದವಳು ಅಲ್ಲೇ ನಿಂತು, "ಈ ಸಲ ಏನು ಮಿಣುಕುಹುಳ ಅಂತೀನಿ. ಮರ ಪೂರ್ತಿ ಹತ್ತಿ ಉರೀತಾ ಇದೆ" ಎಂದಳು.

ನಾನು ಮಾವಿನ ಮರದ ಕಡೆ ನೋಡಿದೆ. ಮರವಿತ್ತು, ಅಥವಾ ಮರವಿದ್ದ ಜಾಗದಲ್ಲಿ ಕಪ್ಪು ಇತ್ತು.

"ಎಲ್ಲಿ?" ಎಂದೆ.

"ಎಲ್ಲಿ ಅಂದ್ರೆ? ನಿನ್ನ ತಲೆ ಮೇಲೇ ಇದಾವಲ್ಲೆ."

ನನ್ನ ಮಗಳು ಕೈ ಚಾಚಿ ಕುಣಿಯುತ್ತಿದ್ದಳು, ಯಾವುದನ್ನೋ ಹಿಡಿಯಲು ಓಡುತ್ತಿದ್ದಳು. ನನಗೆ ಅವಳ ದನಿ ಕೇಳುತ್ತಿತ್ತು, ಅವ್ವನ ಕೈಯ ಕಂದೀಲು ಕಾಣುತ್ತಿತ್ತು. ಅಷ್ಟೇ. ಅವ್ವನಿಗೆ ಇದು ತಟ್ಟಲಿಲ್ಲ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಕ್ಕ ಕೂತಲ್ಲಿಂದ ಏಳಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ನಾಳೆ ಬೆಳಿಗ್ಗೆ ಬಾ ಇಲ್ಲಿಗೆ" ಎಂದಳು.

ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ನನ್ನ ಮೂಗನ್ನೇ ನೋಡ್ತಾ ಇರು. ಆಚೆ ಈಚೆ ತಿರುಗಬೇಡ" ಎಂದು, ಎರಡು ಕೈಯಿಂದ ನನ್ನ ಕಿವಿಗಳನ್ನು ಮುಟ್ಟಿ ಗುರುತು ಮಾಡಿಕೊಂಡಳು. ಆಮೇಲೆ ಒಂದು ಕೈಯನ್ನು ನನ್ನ ತಲೆಯ ಹಿಂದಿನಿಂದ ಮುಂದಕ್ಕೆ ತರತೊಡಗಿದಳು. "ಬೆರಳು ಕಂಡಾಗ ಹೇಳು."

ಗಾಳಿಯಲ್ಲಿ ಅವಳ ಬಳೆ ಸದ್ದು ಮಾಡುತ್ತಿದ್ದುದರಿಂದ ಕೈ ಎಲ್ಲಿದೆಯೆಂದು ನನಗೆ ಗೊತ್ತಾಗುತ್ತಿತ್ತು. ಕಂಡಿತು ಎಂದು ಹೇಳಿಬಿಡಬಹುದಿತ್ತು. ಅವಳಿಗೂ ಅದು ಹೊಳೆದಿರಬೇಕು. ಕೈ ತಡೆದು, ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಮತ್ತೆ ಮೊದಲಿನಿಂದ ತಂದಳು. ನಾನು ಅವಳ ಮೂಗನ್ನೇ ನೋಡುತ್ತಿದ್ದೆ. ಮೂಗುಬಟ್ಟಿನ ಕಲ್ಲು ಹೊಳೆಯುತ್ತಿತ್ತು, ಅದರ ಪಕ್ಕದ ಸಣ್ಣ ಕಲೆ ಕೂಡ ಕಾಣುತ್ತಿತ್ತು. ಬೆರಳು ಇಲ್ಲ, ಇಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಅವಳ ಕೆನ್ನೆಯ ಪಕ್ಕದಲ್ಲಿ ಬೆರಳು.

"ಈಗ" ಎಂದೆ.

ಅವಳು ಆ ಬೆರಳು ಎಲ್ಲಿ ನಿಂತಿದೆ ಎಂದು ಇನ್ನೊಂದು ಕೈಯಿಂದ ನನ್ನ ಕಿವಿಯ ತನಕ ಅಳೆದು ನೋಡಿಕೊಂಡಳು.

"ಡಾಕ್ಟ್ರಿಗೆ ತೋರಿಸಿದಾಗ ನಂಗಿದ್ದಷ್ಟೇ ಇದೆ ನಿಂಗೆ" ಎಂದಳು. "ಅಪ್ಪಂಗೆ ಹೇಳ್ಬೇಡ. ನಿನ್ನನ್ನ ದೂರ ಕೊಟ್ಟು ಉಳಿಸಿದೆ ಅಂತ ಅಂದ್ಕೊಂಡಿದಾರೆ."

ಅಪ್ಪನಿಗೆ ಹೇಳಲಿಲ್ಲ. ಅವರು ದೂರ ಕೊಟ್ಟದ್ದು ನನ್ನ ಮಕ್ಕಳಿಗೆ ಆಗಿಬಂದಿರಬಹುದೇನೋ. ನನಗಂತೂ ಅದು ಹುಟ್ಟಿದಾಗಲೇ ಬಂದಾಗಿತ್ತು. ಆ ಸಲ ಹುಟ್ಟಿದ ಕೂಸು ಉಳಿಯಲಿಲ್ಲ. ಅದರ ಮುಖವನ್ನು ಪೂರ್ತಿಯಾಗಿ ಒಮ್ಮೆಗೇ ನೋಡಿದ ನೆನಪಿದೆ.

ಬಾಣಂತನದಲ್ಲಿ ಇದ್ದಷ್ಟು ದಿನ ನಾನು ಅಕ್ಕನನ್ನು ಕಾಡಿದೆ. ಮುಂದೆ ಹೇಗೆ ಇರಬೇಕು ಹೇಳು, ನೀನು ಹೇಗೆ ಇದ್ದೀಯ ಹೇಳಿಕೊಡು ಎಂದೆ. ಈಗಲೂ ಅವಳು ದಿನವಿಡೀ ಕಟ್ಟೆಯ ಮೇಲೆ ಕೂರುತ್ತಿದ್ದಳಲ್ಲ, ಏನೋ ಒಂದು ಸಿಕ್ಕಿರಬೇಕು ಅವಳಿಗೆ ಎಂದು ನನಗೆ ಅನ್ನಿಸಿತ್ತು.

"ಹೇಳಿಕೊಡೋಕೆ ಏನೂ ಇಲ್ಲ ಮಾರಾಯ್ತಿ" ಎಂದಳು. "ಒಳಗೆ ಕೂತ್ರೆ ಅವ್ವ ನನ್ನ ಮುಖ ನೋಡಿ ಅಳ್ತಾಳೆ, ಅದಕ್ಕೆ ಹೊರಗೆ ಕೂರ್ತೀನಿ."

"ಕೂಗು ಕೇಳುತ್ತಲ್ಲ ಅಕ್ಕ. ಯಾವ ಹಕ್ಕಿ ಅಂತ ಎಲ್ಲ ಹೇಳ್ತೀಯ."

"ಹೇಳ್ತೀನಿ. ಕಣ್ಣು ಹೋದ್ರೆ ಕಿವಿ ಚುರುಕಾಗುತ್ತೆ ಅಂತ ಬಂದೋರೆಲ್ಲ ಹೇಳಿ ಹೋಗ್ತಾರೆ. ಕೂಗು ಬೇರೆ, ಹಕ್ಕಿ ಬೇರೆ ಕಣೆ. ಕೂಗು ಕೇಳಿದಾಗಲೆಲ್ಲ ಹಕ್ಕಿ ಕಾಣ್ಲಿಲ್ಲ ಅಂತ ಇನ್ನೊಂದ್ಸಲ ಗೊತ್ತಾಗುತ್ತೆ. ನಿಂಗೆ ಸುಳ್ಳು ಯಾಕೆ ಹೇಳ್ಲಿ?"

ಅವಳು ನಿಷ್ಠುರವಾಗಿ ಹೇಳಲಿಲ್ಲ. ನನ್ನ ತಲೆ ಸವರುತ್ತಲೇ ಹೇಳಿದಳು.

ಭದ್ರಾವತಿಗೆ ಹಿಂದಿರುಗಿ ಗಂಡನಿಗೆ ಹೇಳಿದೆ. ಅವರು ಊಟದ ತಟ್ಟೆಯ ಮುಂದೆ ಕೂತಿದ್ದರು. ಕೈ ತೊಳೆದುಕೊಂಡು ಬಂದು, "ದೊಡ್ಡ ಲಾಟೀನು ಒಂದು ತರ್ತೀನಿ. ಗ್ಯಾಸ್‌ಲೈಟ್ ಸಿಕ್ಕಿದ್ರೆ ಅದನ್ನೇ ತರ್ತೀನಿ" ಎಂದರು. ತಂದರೂ ತಂದರು. ಯುದ್ಧದ ಕಾಲದಲ್ಲಿ ಎಲ್ಲಿಂದ ಎಣ್ಣೆ ತಂದು ಸುರಿದರೋ, ಮುಸ್ಸಂಜೆಯಿಂದ ನಮ್ಮ ಮನೆ ಮದುವೆ ಮನೆಯ ಹಾಗೆ ಬೆಳಗುತ್ತಿತ್ತು. ಆ ಬೆಳಕಿನಲ್ಲಿಯೂ ನಾನು ಮಗಳ ಆಟಿಕೆ ತುಳಿಯುತ್ತಿದ್ದೆ. ಅವರು ಬತ್ತಿ ಏರಿಸುತ್ತಿದ್ದರು. ಈಗ ಇದನ್ನು ಬರೆಯುವಾಗ ನನಗೆ ಹಾಳೆಯ ಮೇಲೆ ಒಂದು ಪದದಷ್ಟು ಅಗಲ ಕಾಣುತ್ತದೆ. ಹಗಲಿನಲ್ಲಿ, ಕಿಟಕಿಯ ಹತ್ತಿರ ಕೂತರೆ. ಹಿಂದಿನ ಪದ ಏನು ಬರೆದೆನೆಂದು ನೋಡಲು ಹಿಂದಕ್ಕೆ ಹೋದರೆ ಬರೆಯುತ್ತಿದ್ದ ಜಾಗ ಕಳೆದುಹೋಗುತ್ತದೆ.

ಅಕ್ಕ ಒಂದು ಶ್ರಾವಣದಲ್ಲಿ ಚಳಿಜ್ವರ ಬಂದು ಹೋದಳು. ಸುದ್ದಿ ಬಂದಾಗ ಹೊಳೆ ತುಂಬಿತ್ತು. ರೈಲು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಕೊನೆಯಲ್ಲಿ ಏನಾದರೂ ಹೇಳಿದಳೇ ಎಂದು ಅವ್ವನನ್ನು ಕೇಳಿದೆ. ನೀರು ಕೇಳಿದಳು ಎಂದಳು ಅವ್ವ. ಬೇರೇನೂ ಇಲ್ಲ.

ಅದಾದ ಮೇಲೆ ಅಪ್ಪ ಅವ್ವ ಪೇಟೆಯ ಮನೆಗೇ ಹೋದರು. ಇಷ್ಟು ವರ್ಷ ಆ ಮನೆ ಬೇಡವೆಂದ ಅವ್ವನಿಗೆ ಈಗ ತೋಟ ಬೇಡವಾಗಿತ್ತು. ತೋಟವನ್ನು ಗುತ್ತಿಗೆಗೆ ಕೊಟ್ಟರು. ಸೌದೆಗೆ ಬಂಗಾರದ ಬೆಲೆ ಬಂದ ದಿನಗಳು ಅವು. ಗುತ್ತಿಗೆಯವನು ಅಪ್ಪನ ಒಪ್ಪಿಗೆ ತೆಗೆದುಕೊಂಡೇ ಹಲಸು, ಸಂಪಿಗೆ ಕಡಿದು ಮಾರಿದ. ಅಪ್ಪ ಇಲ್ಲವೆನ್ನಲಿಲ್ಲ. ಯಾವುದಕ್ಕೂ ಇಲ್ಲವೆನ್ನುವುದನ್ನು ಅವರು ಬಿಟ್ಟಿದ್ದರು. ನನ್ನ ಕಣ್ಣಿನ ವಿಷಯ ಅವರಿಗೆ ತಿಳಿದೇ ತಿಳಿಯಿತು. ಹಬ್ಬಕ್ಕೆ ಹೋದಾಗ ನಾನು ಹೊಸ್ತಿಲು ದಾಟಿದ್ದನ್ನು ನೋಡಿದರೆ ಸಾಕಿತ್ತು. ನನ್ನನ್ನು ಕೇಳಲಿಲ್ಲ. ಮಂಡಿಗೆ ಹೋಗುವುದನ್ನು ನಿಲ್ಲಿಸಿದರು.

ಯುದ್ಧ ಮುಗಿದ ವರ್ಷ ಮಾರ್ಗಶಿರದಲ್ಲಿ ಇವರು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ನೋಡಿಕೊಂಡು ಬಾ ಎಂದು ಬಾಯಿಬಿಟ್ಟು ಹೇಳಲಿಲ್ಲ, ಕೆಲಸಕ್ಕೆ ರಜೆ ಹಾಕಿ ಟಿಕೆಟ್ ತಂದಿದ್ದರು. ಮಾವಿನ ಮರಗಳು ಇದ್ದವು. ಹಲಸು ಇದ್ದ ಕಡೆ ಗುತ್ತಿಗೆಯವನು ಮೆಣಸಿನ ಸಸಿ ಹಾಕಿದ್ದ. ಹಲಸಿನ ತರಗೆಲೆ ಇಲ್ಲವಾದ್ದರಿಂದ ನವರಂಗ ಬಂದಿರಲಾರದು ಎಂದು ನಾನು ಅಂದುಕೊಂಡೆ. ಅಷ್ಟರಲ್ಲಿ ಬೇಲಿಯ ಬುಡದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಅದರ ಸಿಳ್ಳು ಕೇಳಿತು.

"ಅಗೋ ಅಲ್ಲಿದೆ ನೋಡು" ಎಂದರು ಇವರು. ಹಕ್ಕಿಗಳನ್ನು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಆದರೂ ಅಂಥದ್ದನ್ನು ಕಂಡದ್ದು ಅವರಿಗೆ ಆಶ್ಚರ್ಯವಾಗಿತ್ತು. "ಹೊಟ್ಟೆ ಕೆಳಗೆ ಕೆಂಪು, ರೆಕ್ಕೆ ನೀಲಿ. ನಿನ್ನ ಮುಂದೇ ಇದೆ, ಆ ಕಲ್ಲಿನ ಪಕ್ಕ. ಕಾಣ್ತಾ?"

ನಾನು ಕಲ್ಲನ್ನು ಹುಡುಕಿದೆ. ಒಂದು ಕಲ್ಲು ಸಿಕ್ಕಿತು. ಅದರ ಬಲಕ್ಕೆ ಹೋದೆ, ಎಡಕ್ಕೆ ಹೋದೆ. ಒಣಗಿದ ಬಳ್ಳಿ, ಮಣ್ಣು, ಮತ್ತೆ ಬಳ್ಳಿ. ಆ ಕಲ್ಲು ಅವರು ಹೇಳಿದ ಕಲ್ಲೇ ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಅವರು ನನ್ನ ಭುಜ ಹಿಡಿದು ಸ್ವಲ್ಪ ತಿರುಗಿಸಿದರು. ಕಾಯುತ್ತಾ ನಿಂತರು.

"ಹೂಂ, ಕಂಡ್ತು" ಎಂದೆ.

ಅವರು ನನ್ನ ಭುಜ ಬಿಟ್ಟರು. ಇಬ್ಬರೂ ದಣಪೆಯ ತನಕ ನಡೆದೆವು. ಮಧ್ಯಾಹ್ನದ ರೈಲಿಗೆ ಇನ್ನೂ ಹೊತ್ತಿತ್ತು. ಆದರೂ ಬೇಗನೆ ಸ್ಟೇಷನ್ನಿಗೆ ಬಂದು ಬೆಂಚಿನ ಮೇಲೆ ಕೂತೆವು.